ತಕ್ಕಡಿ ಸರ್ ಮಾರಿದ ಮೂರು ನಾಣ್ಯಗಳು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ದರ್ಜಿಯೊಬ್ಬ ಠಾಣೆಯ ಮೆಟ್ಟಿಲು ಹತ್ತಿದ. ಹತ್ತಿದವನು ಒಳಗೆ ಬರಲಿಲ್ಲ. ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು, ಎದ್ದು, ಮತ್ತೆ ಕೂತು, ಹತ್ತೂ ಮೂವತ್ತೈದಕ್ಕೆ ಮೆಟ್ಟಿಲಿಳಿದು ಹೊರಟೇಬಿಟ್ಟ. ಹತ್ತೂ ನಲವತ್ತಕ್ಕೆ ವಾಪಸು ಬಂದ. ಇಷ್ಟನ್ನೂ ಕರಾರುವಾಕ್ಕಾಗಿ ಬರೆದಿಟ್ಟವನು ಹೆಡ್‌ಕಾನ್‌ಸ್ಟೇಬಲ್. ಯಾರು ಎಷ್ಟು ಹೊತ್ತಿಗೆ ಬಂದರು, ಹೋದರು ಎಂಬುದನ್ನೆಲ್ಲ ನಿಮಿಷ ಬಿಡದೆ ಗುರುತು ಹಾಕಿಕೊಳ್ಳುವ ಅಭ್ಯಾಸದಿಂದ ಅವನಿಗೆ ಠಾಣೆಯಲ್ಲಿ ‘ಗಡಿಯಾರ’ ಎಂದೇ ಹೆಸರು ಬಿದ್ದಿತ್ತು.

ಇನ್‌ಸ್ಪೆಕ್ಟರ್ ಐವತ್ತರ ಆಸುಪಾಸಿನ ಹೆಂಗಸು. ದೂರು ತಂದವರಿಗೆ ಮೊದಲು ಕುರ್ಚಿ, ಆಮೇಲೆ ನೀರು, ಆಮೇಲೆ ಪ್ರಶ್ನೆ ಎಂಬುದು ಅವಳ ಪದ್ಧತಿ. ದರ್ಜಿ ನೀರು ಕುಡಿದು, ಅಂಗಿಯ ಒಳಜೇಬಿನಿಂದ ಮೂರು ಚಿಕ್ಕ ಕಾಗದದ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಒಂದೊಂದರಲ್ಲೂ ಒಂದೊಂದು ಹಳೆಯ ಬೆಳ್ಳಿ ನಾಣ್ಯ. ಒಂದರ ಮೇಲೆ ಹಾಯಿ ಹಡಗು, ಇನ್ನೊಂದರ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ, ಮೂರನೆಯದರ ಮೇಲೆ ಕಿರೀಟ ಹೊತ್ತ ಹೆಂಗಸಿನ ಮುಖ.

“ಇವು ಖೋಟಾ ಅಂತೆ ಮೇಡಂ.”

“ಯಾರು ಹೇಳಿದ್ದು?”

“ಪೇಟೆಯ ನಾಣ್ಯದ ವ್ಯಾಪಾರಿ. ಭಾನುವಾರ ಪುರಭವನದಲ್ಲಿ ನಾಣ್ಯದ ಮಾರಾಟ ಇತ್ತು. ಅಲ್ಲಿ ತೋರಿಸಿದೆ. ಕೈಗೆ ತಗೊಂಡ, ನಕ್ಕ.”

“ನಿಮಗೆ ಮಾರಿದ್ದು ಯಾರು?”

ದರ್ಜಿ ತಲೆ ತಗ್ಗಿಸಿದ. ಬೆಂಚಿನಿಂದ ಎದ್ದು ಹೋಗಿದ್ದು ಈ ಪ್ರಶ್ನೆಗೆ ಹೆದರಿಯೇ ಎಂಬುದು ಇನ್‌ಸ್ಪೆಕ್ಟರಿಗೆ ಗೊತ್ತಾಯಿತು.

“ತಕ್ಕಡಿ ಸರ್,” ಎಂದ ಕೊನೆಗೆ. “ಆದ್ರೆ ಅವರ ಮೇಲೆ ಬರೀಬೇಡಿ ಮೇಡಂ. ಅವರು ಮೋಸ ಮಾಡೋರಲ್ಲ. ಯಾರ ಮೇಲೆ ಬರೀಬೇಕು ಅಂತ ಗೊತ್ತಾಗದೇ ಇಲ್ಲಿಗೆ ಬಂದೆ.”

ಅವನು ಶಾಲೆಯ ಸಮವಸ್ತ್ರ ಹೊಲಿಯುವವನು. ವರ್ಷದಲ್ಲಿ ಮೂರು ತಿಂಗಳು ಮೈಮೇಲೆ ಪ್ರಜ್ಞೆಯಿಲ್ಲದಷ್ಟು ಕೆಲಸ, ಉಳಿದಂತೆ ಬಿಡುವು. ಆ ಬಿಡುವಿಗೆ ಎರಡು ವರ್ಷದ ಹಿಂದೆ ಹಳೆಯ ನಾಣ್ಯಗಳ ಹುಚ್ಚು ಹತ್ತಿತ್ತು. ಶುರುವಿನಲ್ಲಿ ಹೊಳೆಯುವುದೆಲ್ಲ ಚೆಂದವೆಂದು ಉಜ್ಜಿ ತೊಳೆದ ನಾಣ್ಯಗಳನ್ನೆಲ್ಲ ದುಬಾರಿ ಬೆಲೆಗೆ ಕೊಂಡು ಚೆನ್ನಾಗಿ ಕೈಸುಟ್ಟುಕೊಂಡಿದ್ದ. ಯಾರೋ ತಕ್ಕಡಿ ಸರ್ ಮನೆ ತೋರಿಸಿದರು. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಅಂಗಡಿಯವರಿಂದ ಒಂದು ಬಾಳೆಹಣ್ಣನ್ನೂ ಬಿಟ್ಟಿ ತಿಂದವರಲ್ಲ. ನಾಣ್ಯ ಕೊಳ್ಳುವುದು ಹೇಗೆಂದು ದರ್ಜಿಗೆ ಅಕ್ಷರಾಭ್ಯಾಸ ಮಾಡಿಸಿದವರೇ ಅವರು. ಕೊಳ್ಳಬೇಕೆಂದಿರುವ ನಾಣ್ಯ ಕಳೆದ ನಾಲ್ಕು ಸಲ ಎಷ್ಟೆಷ್ಟಕ್ಕೆ ಮಾರಾಟವಾಗಿದೆ ಎಂದು ಮೊದಲು ತಿಳಿದುಕೊಳ್ಳಬೇಕು. ಎಷ್ಟರ ಮೇಲೆ ಕೊಡುವುದಿಲ್ಲ ಎಂಬುದನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡು ಹೊರಡಬೇಕು. ಹತ್ತು ಸಾಧಾರಣ ನಾಣ್ಯದ ಬದಲು ಒಂದೇ ಒಂದು ಒಳ್ಳೆಯದನ್ನು ಕೊಳ್ಳಬೇಕು. ಇಷ್ಟೆಲ್ಲ ಹೇಳಿಕೊಟ್ಟ ಮೇಲೆ, ಈ ವರ್ಷ, ತಮ್ಮ ಸಂಗ್ರಹದಿಂದಲೇ ಮೂರು ನಾಣ್ಯವನ್ನು ನ್ಯಾಯವಾದ ಬೆಲೆಗೆ ಕೊಟ್ಟಿದ್ದರು. ಹಡಗಿನದಕ್ಕೆ ನಾಲ್ಕು ಸಾವಿರದ ಇನ್ನೂರು, ಉಳಿದೆರಡಕ್ಕೆ ಅದಕ್ಕಿಂತ ಕಡಿಮೆ.

“ಬೇರೆ ಏನಾದ್ರೂ ವಿಚಿತ್ರ ನಡೀತಾ, ಕೊಂಡ ಮೇಲೆ?” ಎಂದು ಕೇಳಿದಳು ಇನ್‌ಸ್ಪೆಕ್ಟರ್.

ದರ್ಜಿ ಯೋಚಿಸಿದ. ತಿಂಗಳ ಹಿಂದೆ ಒಬ್ಬಳು ಹೆಂಗಸು ಅಂಗಡಿಗೆ ಫೋನ್ ಮಾಡಿದ್ದಳಂತೆ. ಹಡಗಿನ ನಾಣ್ಯ ಮಾರಿದರೆ ಆರು ಸಾವಿರ ಕೊಡುತ್ತೇನೆ ಎಂದಳಂತೆ.

“ಕೊಡಲಿಲ್ವಾ?”

“ಬೆಲೆಗಿಂತ ಜಾಸ್ತಿ ಕೊಡ್ತೀನಿ ಅಂತ ಬಂದೋರನ್ನ ಮೊದಲು ಯಾಕೆ ಅಂತ ಕೇಳು ಅಂದಿದ್ರು ಸರ್. ಯಾಕೆ ಅಂತ ಕೇಳಿದೆ. ಫೋನ್ ಇಟ್ಟುಬಿಟ್ಟರು.”

ಹನ್ನೊಂದೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ವಂಚನೆ, ನಕಲು ವಸ್ತು ತಯಾರಿಕೆ. ಆರೋಪಿಯ ಅಂಕಣದಲ್ಲಿ ‘ತಿಳಿದುಬಂದಿಲ್ಲ’ ಎಂದು ಗಡಿಯಾರ ಬರೆದ. ಮೂರು ನಾಣ್ಯಗಳನ್ನು ಇಬ್ಬರು ಪಂಚರ ಸಮಕ್ಷಮ ಜಪ್ತಿ ಮಾಡಲಾಯಿತು. ಹೊರಡುವಾಗ ದರ್ಜಿ ಬಾಗಿಲಲ್ಲಿ ನಿಂತು, ಸರ್ ಮನೆಗೆ ಹೋಗುವುದಾದರೆ ದಯವಿಟ್ಟು ಜೀಪನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ ಎಂದು ಕೇಳಿಕೊಂಡ.

ಮಧ್ಯಾಹ್ನ ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಮತ್ತು ಗಡಿಯಾರ ವ್ಯಾಪಾರಿಯ ಅಂಗಡಿಗೆ ಹೋದರು. ಎರಡು ಮೂಟೆ ಇಟ್ಟರೆ ತುಂಬಿಹೋಗುವಷ್ಟು ಚಿಕ್ಕ ಅಂಗಡಿ. ಗಾಜಿನ ಪೆಟ್ಟಿಗೆ, ಅದರ ಮೇಲೊಂದು ಬಾಗಿದ ಕತ್ತಿನ ದೀಪ. ವ್ಯಾಪಾರಿ ಹಡಗಿನ ನಾಣ್ಯವನ್ನು ಭೂತಗನ್ನಡಿಯ ಕೆಳಗಿಟ್ಟು ತೋರಿಸಿದ. ಅಸಲು ನಾಣ್ಯಕ್ಕೆ ಅಚ್ಚು ಒತ್ತಿರುತ್ತಾರೆ, ಇದನ್ನು ಎರಕ ಹೊಯ್ದಿದ್ದಾರೆ, ಅಕ್ಷರಗಳ ಸಂದಿಯಲ್ಲಿ ಸೂಜಿಮೊನೆಯಷ್ಟು ಗುಳಿಗಳಿವೆ ಎಂದ. ಆಮೇಲೆ ಇನ್ನೊಂದು ಮಾತು ಹೇಳಿದ. ಹಾಯಿ ಕಟ್ಟುವ ಪಟಸ್ತಂಭದ ಕೆಳಗೆ ಒಂದು ಕಚ್ಚು ಇದೆಯಲ್ಲ, ಅದೇ ಕಚ್ಚಿದ್ದ ಅಸಲು ನಾಣ್ಯ ತನ್ನ ಅಂಗಡಿಯಲ್ಲೇ ಇತ್ತು. ಮೂರು ತಿಂಗಳ ಹಿಂದೆ ಒಬ್ಬಳು ಹೆಂಗಸಿಗೆ ಮಾರಿದ್ದ.

“ಎಷ್ಟಕ್ಕೆ?”

“ಒಂಬತ್ತು ಸಾವಿರ ಅಂದೆ. ಚೌಕಾಸಿನೇ ಮಾಡಲಿಲ್ಲ. ಎಣಿಸಿಟ್ಟು ಹೋದಳು.”

“ಅದರ ಬೆಲೆ ನಾಲ್ಕು ಸಾವಿರ ಚಿಲ್ಲರೆ ಅಂತ ಕೇಳಿದೀನಿ.”

“ಬೆಲೆ ಅನ್ನೋದು ಕೊಳ್ಳೋರ ಅವಸರಕ್ಕೆ ತಕ್ಕ ಹಾಗೆ ಮೇಡಂ.”

“ನಿಮಗೆ ಅದು ಎಲ್ಲಿಂದ ಬಂತು?”

ನಾಲ್ಕು ವರ್ಷದ ಹಿಂದೆ ಯಾರೋ ಒಟ್ಟಿಗೆ ತಂದು ಕೊಟ್ಟಿದ್ದರು, ಇಪ್ಪತ್ತೋ ಇಪ್ಪತ್ತೈದೋ ಇದ್ದವು, ಉಳಿದವೆಲ್ಲ ಆಗಲೇ ಮಾರಿಹೋದವು, ಇದೊಂದು ಹೇಗೋ ಉಳಿದುಕೊಂಡಿತ್ತು ಎಂದ ವ್ಯಾಪಾರಿ. ರಸೀದಿ ಇರಲಿಲ್ಲ. ಹೆಸರು ನೆನಪಿರಲಿಲ್ಲ. ಎಷ್ಟು ಕೊಟ್ಟಿರಿ ಎಂದಾಗ, ಅವರು ಒಪ್ಪಿದಷ್ಟು ಕೊಟ್ಟೆ ಎಂದು ದೀಪದ ಕತ್ತನ್ನು ಇನ್ನಷ್ಟು ಬಾಗಿಸಿದ.

ಇನ್‌ಸ್ಪೆಕ್ಟರಿಗೆ ಬೆಲೆಯ ವಿಷಯದಲ್ಲಿ ಒಂದು ಹಳೆಯ ಮುಜುಗರವಿತ್ತು. ಸಮವಸ್ತ್ರದಲ್ಲಿ ಹೋದರೆ ಅಂಗಡಿಯವರು ಅರ್ಧ ಬೆಲೆ ಹೇಳುತ್ತಿದ್ದರು, ತರಕಾರಿಯವಳು ಮೇಲೆ ಎರಡು ಹಿಡಿ ಸೊಪ್ಪು ಹಾಕುತ್ತಿದ್ದಳು. ಯಾವುದಕ್ಕೆ ನಿಜವಾಗಿ ಎಷ್ಟು ಎಂಬುದು ತಿಳಿಯುತ್ತಲೇ ಇರಲಿಲ್ಲ. ಅದಕ್ಕೇ ಅವಳು ವಾರದ ಸಾಮಾನನ್ನು ಮಾಸಿದ ಸೀರೆಯುಟ್ಟು, ದೂರದ ಪೇಟೆಗೆ ಹೋಗಿ ತರುತ್ತಿದ್ದಳು. ಜೀಪಿನಲ್ಲಿ ವಾಪಸು ಬರುವಾಗ ಅವಳ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಒಬ್ಬಳು ಹೆಂಗಸು ಅಸಲು ಹಡಗನ್ನು ಎರಡರಷ್ಟು ಕೊಟ್ಟು ಕೊಂಡಿದ್ದಾಳೆ. ಒಬ್ಬಳು ಹೆಂಗಸು ನಕಲಿ ಹಡಗಿಗೂ ಒಂದೂವರೆಯಷ್ಟು ಕೊಡಲು ಬಂದಿದ್ದಾಳೆ. ಇಬ್ಬರೂ ಒಬ್ಬಳೇ ಆಗಿದ್ದರೆ? ಮೋಸಗಾರರು ಹೀಗೆ ಮನೆಯ ಗಂಟು ಕಳೆದುಕೊಳ್ಳುವುದಿಲ್ಲ.

ಬುಧವಾರ ಬೆಳಿಗ್ಗೆ ವಸ್ತುಸಂಗ್ರಹಾಲಯದ ಅಧಿಕಾರಿ ಮೂರೂ ನಾಣ್ಯಗಳನ್ನು ಪರೀಕ್ಷಿಸಿ ವರದಿ ಕೊಟ್ಟರು. ವ್ಯಾಪಾರಿ ಹೇಳಿದ್ದು ಸರಿಯೇ, ಮೂರೂ ಎರಕದವು. ಎರಕ ಆರುವಾಗ ಲೋಹ ಸ್ವಲ್ಪ ಕುಗ್ಗುತ್ತದಾದ್ದರಿಂದ ಅಗಲ ಕೂದಲೆಳೆಯಷ್ಟು ಕಡಿಮೆ. ಆದರೆ ತೂಕ ಮಾತ್ರ ಕರಾರುವಾಕ್ಕು. ಮಾಡಿದವರು ಅದನ್ನು ಸರಿದೂಗಿಸಲು ದಪ್ಪವನ್ನು ಒಂದಿಷ್ಟು ಹೆಚ್ಚಿಸಿದ್ದರು. ವರದಿಯಲ್ಲಿ ಬರೆಯದ ಒಂದು ಮಾತನ್ನು ಅಧಿಕಾರಿ ಬಾಯಲ್ಲಿ ಹೇಳಿದರು. ಮಾರುವುದಕ್ಕೆಂದು ಮಾಡುವವರು ಅಗ್ಗದ ಲೋಹ ಹಾಕಿ ಬೆಳ್ಳಿ ಬಣ್ಣ ಬಳಿಯುತ್ತಾರೆ. ಇವು ಅಪ್ಪಟ ಬೆಳ್ಳಿ. ಯಾರೋ ಒಂದೊಂದರ ಮುಂದೆಯೂ ಗಂಟೆಗಟ್ಟಲೆ ಕೂತಿದ್ದಾರೆ. ಇಷ್ಟು ನಾಜೂಕಿನ ಎರಕ ಒಡವೆ ಮಾಡುವವರಿಗೆ ಬರಬೇಕು, ಇಲ್ಲವೇ ಹಲ್ಲು ಕಟ್ಟುವವರಿಗೆ.

ಅಂದೇ ಸಂಜೆ ನಾಲ್ಕೂ ಹತ್ತಕ್ಕೆ ಜೀಪು ಬೀದಿಯ ತುದಿಯಲ್ಲಿ ನಿಂತಿತು. ಅಲ್ಲಿಂದ ನಡೆದುಕೊಂಡೇ ಹೋದರು.

ಮನೆ ಎರಡು ಕೋಣೆಯದು, ಒಪ್ಪವಾಗಿತ್ತು. ಯಾವ ವಸ್ತುವೂ ದಾರಿಗಡ್ಡವಿರಲಿಲ್ಲ. ತಕ್ಕಡಿ ಸರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು. ಎಪ್ಪತ್ತು ದಾಟಿದವರು, ಇಸ್ತ್ರಿ ಮಾಡಿದ ಅಂಗಿ, ಬಲಗಾಲಿಗೆ ಅಗಲವಾದ ಮೆತ್ತನೆ ಚಪ್ಪಲಿ. ಹೆಜ್ಜೆಯ ಸದ್ದು ಕೇಳಿ, ಇಬ್ಬರಿದ್ದೀರಿ, ಒಬ್ಬರು ಬೂಟು ಹಾಕಿದ್ದೀರಿ, ಬನ್ನಿ ಎಂದರು. ಪೊಲೀಸರೆಂದು ತಿಳಿದಾಗ ಗಾಬರಿಯಾಗಲಿಲ್ಲ. ದರ್ಜಿಗೆ ಮಾರಿದ ನಾಣ್ಯಗಳ ವಿಚಾರವಾಗಿ ಬಂದಿದ್ದೇವೆ ಎಂದಳು ಇನ್‌ಸ್ಪೆಕ್ಟರ್.

“ಕಳುವಾಯ್ತಾ? ಪಾಪ, ಎಷ್ಟು ಆಸೆಪಟ್ಟು ತಗೊಂಡಿದ್ದ.”

ಇಲ್ಲ ಎನ್ನಬೇಕಿತ್ತು. ಅವಳು ಹೌದೂ ಎನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ. ವಿಚಾರಣೆಯಲ್ಲಿ ಇಂಥ ಮೌನವನ್ನು ಅವಳು ನೂರಾರು ಸಲ ಬಳಸಿದ್ದಳು. ಅವತ್ತು ಮಾತ್ರ ಬೇಗನೆ ಮುಂದಿನ ಪ್ರಶ್ನೆಗೆ ಹೊರಳಿದಳು.

ಮಾರಿದ್ದೇಕೆ ಎಂಬುದಕ್ಕೆ ಅವರ ಉತ್ತರ ಸರಳವಾಗಿತ್ತು. ಸಕ್ಕರೆ ಕಾಯಿಲೆ ಮೊದಲು ಕಣ್ಣಿಗೆ ಕೈ ಹಾಕಿತು, ಆಮೇಲೆ ಬೆರಳ ತುದಿಗೆ. ಈಗ ಬೆರಳಿಗೂ ಕಣ್ಣು ಹೋಗಿದೆ ಎಂದು ನಕ್ಕರು. ನೋಡಲಾಗದ, ಮುಟ್ಟಿದರೂ ತಿಳಿಯದ ನಾಣ್ಯಗಳನ್ನು ಡಬ್ಬಿಯಲ್ಲಿ ಇಟ್ಟುಕೊಂಡು ಕೂರುವ ಬದಲು ಹೊಸದಾಗಿ ಕಲಿಯುತ್ತಿರುವವರಿಗೆ ಒಂದೊಂದಾಗಿ ಕೊಟ್ಟರೆ, ಅವರಾದರೂ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುವುದು ತಪ್ಪುತ್ತದೆ. ಬಿಟ್ಟಿ ಕೊಡಬಾರದು. ಬಿಟ್ಟಿ ಸಿಕ್ಕಿದ್ದರ ಬೆಲೆ ಯಾರೂ ವಿಚಾರಿಸುವುದಿಲ್ಲ. ಹೆಚ್ಚಿಗೂ ಮಾರಬಾರದು. ಇದುವರೆಗೆ ಮೂವರಿಗೆ ಐದು ಕೊಟ್ಟಿದ್ದರು, ದರ್ಜಿಗೆ ಮೂರು, ಉಳಿದಿಬ್ಬರಿಗೆ ಒಂದೊಂದು.

ಕೇಳದೆಯೇ ಡಬ್ಬಿ ತರಿಸಿದರು. ಗಡಿಯಾರ ಕಪಾಟಿನಿಂದ ತಂದುಕೊಟ್ಟ. ಅವರು ಒಳಗಿದ್ದ ಮಖಮಲ್ಲಿನ ಗುಳಿಗಳನ್ನು ಎಣಿಸುತ್ತ ಹೋಗಿ ಮಧ್ಯದ ಒಂದನ್ನು ತೆಗೆದು ಇನ್‌ಸ್ಪೆಕ್ಟರ್ ಅಂಗೈಗೆ ಇಟ್ಟರು. ಮೂರು ತೆನೆಗಳ ಚಿತ್ರವಿದ್ದ, ತುಸು ದೊಡ್ಡ ನಾಣ್ಯ.

“ಇದನ್ನ ಒಬ್ಬ ಅಜ್ಜಿ ಗುಂಡಿ ಡಬ್ಬಿಯಲ್ಲಿ ತಂದಿದ್ರು. ಬಸ್ಸಿನ ಖರ್ಚಿಗಾದ್ರೆ ಸಾಕು ಅಂದ್ರು. ಅಮ್ಮಾ, ಇದು ನನ್ನ ಏಳು ತಿಂಗಳ ಸಂಬಳ ಅಂದೆ. ನಂಬಲಿಲ್ಲ, ತಮಾಷೆ ಮಾಡ್ತಿದೀಯಾ ಅಂತ ಬೈದ್ರು.”

“ಆಮೇಲೆ?”

“ಎರಡು ವರ್ಷ ಕಂತು ಕಟ್ಟಿದೆ. ಕೊನೇ ಕಂತಿನ ದಿನ ಅಜ್ಜಿ ನನಗೇ ಒಂದು ಸ್ವೆಟರ್ ಹೆಣೆದು ತಂದಿದ್ರು.”

ಇನ್‌ಸ್ಪೆಕ್ಟರ್ ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ದಿನದಿಂದ ಭೂತಗನ್ನಡಿಯಲ್ಲಿ ನೋಡಿ ನೋಡಿ ಅವಳ ಕಣ್ಣೂ ಪಳಗಿತ್ತು. ತೆನೆಗಳ ಬುಡದಲ್ಲಿ, ಅಕ್ಷರಗಳ ಸಂದಿಯಲ್ಲಿ, ಸೂಜಿಮೊನೆಯಷ್ಟು ಗುಳಿಗಳಿದ್ದವು. ಅವಳು ಗಡಿಯಾರನ ಮುಖ ನೋಡಿದಳು. ಅವನು ಸಮಯ ಬರೆದುಕೊಳ್ಳುವುದನ್ನು ಮರೆತು ನಿಂತಿದ್ದ.

“ಮನೆಯಲ್ಲಿ ಇನ್ಯಾರಿದ್ದಾರೆ?”

“ತಂಗಿ. ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು, ಆದ್ರೂ ಮನೆಯಲ್ಲಿ ದೊಡ್ಡವಳು ಅವಳೇ. ಹಲ್ಲಿನ ಲ್ಯಾಬಿನಲ್ಲಿ ಕೆಲಸ. ಈ ಬೀದಿಯಲ್ಲಿ ಅರ್ಧ ಜನ ನಗೋದು ಅವಳು ಮಾಡಿದ ಹಲ್ಲಿನಲ್ಲೇ.”

ಅವರ ದನಿಯಲ್ಲಿ ಹೆಮ್ಮೆಯಿತ್ತು. ಇನ್‌ಸ್ಪೆಕ್ಟರ್ ನಾಣ್ಯವನ್ನು ಅದರ ಗುಳಿಯಲ್ಲೇ ಇಟ್ಟು ಡಬ್ಬಿ ಮುಚ್ಚಿದಳು. ಜಪ್ತಿ ಮಾಡಬೇಕಿತ್ತು. ನಾಳೆ ಮಾಡಿದರಾಯಿತು ಎಂದುಕೊಂಡಳು. ಬೀದಿಯ ತುದಿಗೆ ಬಂದ ಮೇಲೆ ಗಡಿಯಾರ ಕೇಳಿದ್ದು ಒಂದೇ ಮಾತು, ಅವರಿಗೆ ಗೊತ್ತಿಲ್ಲ ಅಲ್ವಾ ಮೇಡಂ ಎಂದು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ದೂರವಾಣಿ ದಾಖಲೆ ಬಂತು. ದರ್ಜಿಯ ಅಂಗಡಿಗೆ ಬಂದ ಆ ಕರೆ ಹಲ್ಲಿನ ಲ್ಯಾಬಿನದೇ ಆಗಿತ್ತು. ಹನ್ನೊಂದೂ ಹತ್ತಕ್ಕೆ ಇಬ್ಬರು ಪಂಚರನ್ನೂ ಒಬ್ಬಳು ಮಹಿಳಾ ಕಾನ್‌ಸ್ಟೇಬಲನ್ನೂ ಕರೆದುಕೊಂಡು ಅಲ್ಲಿಗೆ ಹೋದರು.

ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕಪಾಟುಗಳಲ್ಲಿ ಯಾರ್ಯಾರದೋ ದವಡೆಗಳ ಗಾರೆ ಮಾದರಿಗಳು, ಒಂದೊಂದಕ್ಕೂ ಚೀಟಿ. ಮೂಲೆಯಲ್ಲಿ ಚಿಕ್ಕ ಕುಲುಮೆ. ತಕ್ಕಡಿ ಸರ್ ತಂಗಿ ಎತ್ತರದ ಸ್ಟೂಲಿನ ಮೇಲೆ ಕೂತು ಒಂದು ಮೇಣದ ಹಲ್ಲನ್ನು ಕೆತ್ತುತ್ತಿದ್ದಳು. ಉಗುರ ಸಂದಿಯಲ್ಲಿ ಬಿಳಿ ಪುಡಿ. ಸಮವಸ್ತ್ರ ಕಂಡ ಕೂಡಲೇ ಮೇಣದ ಹಲ್ಲನ್ನು ತಟ್ಟೆಯಲ್ಲಿ ಜೋಪಾನವಾಗಿ ಇಟ್ಟಳು.

“ಅಣ್ಣನ ಹತ್ತಿರ ಹೋಗಿದ್ದು ನೀವೇನಾ? ನಿನ್ನೆ ಸಂಜೆಯಿಂದ ಅದೇ ಮಾತು. ಪಾಪ, ದರ್ಜಿ ನಾಣ್ಯ ಕಳುವಾಯ್ತಂತೆ ಅಂತ.”

“ಕಳುವಾಗಿಲ್ಲ ಅಂತ ನಿಮಗೆ ಗೊತ್ತು.”

“ಗೊತ್ತು.”

“ಹಡಗು ಎಲ್ಲಿದೆ?”

ಅವಳು ಎದ್ದು, ಕಪಾಟಿನ ಕೆಳಗಿನ ಖಾನೆ ಎಳೆದು, ಒಂದು ದವಡೆಯ ಮಾದರಿಯ ಹಿಂದಿನಿಂದ ಹತ್ತಿಯಲ್ಲಿ ಸುತ್ತಿದ ನಾಣ್ಯವನ್ನು ತೆಗೆದುಕೊಟ್ಟಳು. ಅಸಲು ಹಡಗು. ಪಟಸ್ತಂಭದ ಕೆಳಗೆ ಅದೇ ಕಚ್ಚು. ಅದೇ ಖಾನೆಯಲ್ಲಿ ಇಪ್ಪತ್ತೆರಡು ಅಚ್ಚುಗಳಿದ್ದವು, ಹಲ್ಲಿನ ಅಳತೆ ತೆಗೆಯುವ ಗುಲಾಬಿ ಬಣ್ಣದ ಸಾಮಗ್ರಿಯವು. ಎರಡು ನಕಲಿ ನಾಣ್ಯಗಳಿದ್ದವು. ಒಂದು ದಪ್ಪ ಲಕೋಟೆಯಲ್ಲಿ ಅಣ್ಣ ಮಾರಿ ತಂದುಕೊಟ್ಟ ಹಣ, ಯಾರು ಯಾವ ನಾಣ್ಯಕ್ಕೆ ಕೊಟ್ಟದ್ದು ಎಂಬ ಚೀಟಿಗಳ ಸಮೇತ, ಒಂದು ನೋಟೂ ಮುರಿಯದೆ ಇತ್ತು. ಗಡಿಯಾರ ಪಂಚನಾಮೆ ಬರೆಯುತ್ತಿದ್ದಂತೆ ಅವಳು ಹೇಳುತ್ತ ಹೋದಳು. ಬಾಯಿ ಬಿಡಿಸುವ ಕೆಲಸವೇ ಬೀಳಲಿಲ್ಲ.

ನಾಲ್ಕು ವರ್ಷದ ಹಿಂದೆ ಅಣ್ಣನ ಬಲಗಾಲಿಗೆ ಹುಣ್ಣಾಗಿತ್ತು. ಕಾಲು ತೆಗೆಯಬೇಕಾದೀತು, ಉಳಿಸಿಕೊಳ್ಳುವುದಾದರೆ ದೊಡ್ಡ ಚಿಕಿತ್ಸೆ ಬೇಕು ಎಂದರು ವೈದ್ಯರು. ಇಲಾಖೆಯ ವಿಮೆ ಅರ್ಧದಾರಿಯಲ್ಲಿ ಕೈಬಿಟ್ಟಿತು. ಅವಳ ಉಳಿತಾಯ ಇನ್ನರ್ಧದಲ್ಲಿ ಅರ್ಧಕ್ಕೂ ಸಾಲಲಿಲ್ಲ. ಮನೆಯಲ್ಲಿ ಬೆಲೆಬಾಳುವುದು ಎಂದರೆ ಆ ಡಬ್ಬಿ. ಆದರೆ ಅದು ಅಣ್ಣನ ಜೀವ. ಆಸ್ಪತ್ರೆಯಿಂದ ಬಂದವನು ಮೊದಲು ಕೇಳುವುದೇ ಅದನ್ನು. ಹಾಗಾಗಿ ಮಾರುವ ಮುಂಚೆ ಒಂದೊಂದರ ಅಚ್ಚನ್ನೂ ತೆಗೆದುಕೊಂಡಳು. ಮೇಣದಲ್ಲಿ ಮಾದರಿ ಮಾಡಿ, ಸುತ್ತ ಗಾರೆ ಸುರಿದು, ಕುಲುಮೆಯಲ್ಲಿ ಮೇಣ ಕರಗಿಸಿ, ಖಾಲಿಯಾದ ಜಾಗಕ್ಕೆ ಬೆಳ್ಳಿ ಎರೆಯುವುದು. ಹಲ್ಲಿಗೆ ಕ್ಯಾಪ್ ಮಾಡುವುದೂ ಹೀಗೆಯೇ. ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದಂತೆ ನೋಡಿಕೊಂಡಳು. ಅಣ್ಣನ ಕೈ ತೂಕಕ್ಕೆ ಮೋಸಹೋಗದು ಎಂಬುದು ಅವಳಿಗೆ ಗೊತ್ತಿತ್ತು. ವ್ಯಾಪಾರಿ ಎಲ್ಲ ಸೇರಿ ನಲವತ್ತೈದು ಸಾವಿರ ಎಂದ. ಅವಳು ಕೇಳಿದ್ದು ಒಂದೇ, ಇವತ್ತೇ ಕೊಡುತ್ತೀರಾ ಎಂದು. ಅಣ್ಣನಿಗೆ ವಿಮೆಯವರೇ ಎಲ್ಲ ಕಟ್ಟಿದರು ಎಂದಳು.

ಆಮೇಲಿನ ಮೂರು ವರ್ಷ ಯಾವ ತೊಂದರೆಯೂ ಇರಲಿಲ್ಲ. ಅಣ್ಣ ದಿನಾ ಸಂಜೆ ಡಬ್ಬಿ ತೆಗೆದು ಒಂದೊಂದನ್ನೂ ಕೈಯಲ್ಲಿ ಹಿಡಿದು ಅದರ ಕತೆ ಹೇಳುತ್ತಿದ್ದ. ಅವಳು ಅಡುಗೆ ಮಾಡುತ್ತ ಕೇಳುತ್ತಿದ್ದಳು. ಈ ವರ್ಷ ಒಂದು ದಿನ, ಹಡಗನ್ನು ದರ್ಜಿಗೆ ಕೊಟ್ಟೆ ಕಣೇ, ಎಷ್ಟು ಖುಷಿಪಟ್ಟ ಗೊತ್ತಾ ಎಂದ. ಅವಳ ಕೈಯಲ್ಲಿದ್ದ ಪಾತ್ರೆ ಕೆಳಗೆ ಬಿತ್ತು.

“ಅವತ್ತೇ ಹೇಳಬಹುದಿತ್ತು,” ಎಂದಳು ಇನ್‌ಸ್ಪೆಕ್ಟರ್.

“ಹೇಳೋಣ ಅಂತ ಹತ್ತಿರ ಹೋದೆ. ಬಹಳ ವರ್ಷದ ಮೇಲೆ ಇವತ್ತು ಒಂದು ಕೆಲಸ ಮಾಡಿದ ಹಾಗಾಯ್ತು ಅಂದ. ಬಾಯಿ ಬರಲಿಲ್ಲ.”

ಅಲ್ಲಿಂದ ಅವಳು ಹಿಂದೆ ಹಿಂದೆ ಓಡತೊಡಗಿದ್ದಳು. ಉಳಿದಿಬ್ಬರಿಂದ ಒಂದೊಂದು ನಕಲಿಯನ್ನು ಕೊಟ್ಟದ್ದಕ್ಕಿಂತ ಹೆಚ್ಚು ಕೊಟ್ಟು ಮರಳಿ ಕೊಂಡಳು. ಅಸಲು ಹಡಗು ಇನ್ನೂ ವ್ಯಾಪಾರಿಯ ಬಳಿ ಇದೆಯೆಂದು ತಿಳಿದು, ಮೂರು ತಿಂಗಳ ಸಂಬಳದಲ್ಲಿ ಉಳಿಸಿದ್ದನ್ನು ಕೂಡಿಸಿ ತಂದಳು. ಹೇಗಾದರೂ ದರ್ಜಿಯ ಕೈಯಲ್ಲಿರುವುದನ್ನು ತೆಗೆದುಕೊಂಡು, ಬೇರೆ ಯಾರದೋ ಮೂಲಕ ಅಸಲನ್ನು ಅವನಿಗೆ ಮುಟ್ಟಿಸಬೇಕೆಂದಿದ್ದಳು. ಅವನು ಯಾಕೆ ಎಂದು ಕೇಳಿಬಿಟ್ಟ.

“ಅವನಿಗೆ ಹಾಗೆ ಕೇಳೋದನ್ನ ಕಲಿಸಿದ್ದೂ ಅಣ್ಣನೇ,” ಎಂದು ಅವಳು ನಗಲು ನೋಡಿದಳು. ನಗು ಬರಲಿಲ್ಲ. “ತಪ್ಪು ನನ್ನದು ಮೇಡಂ. ಬೇಲಿ ಹಾರಿ ಓಡೋಕೆ ನನಗೆ ಎಲ್ಲೂ ಜಾಗ ಇಲ್ಲ. ಒಂದೇ ಒಂದು ಕೇಳ್ತೀನಿ. ಅಣ್ಣನಿಗೆ ನಾನೇ ಹೇಳ್ತೀನಿ. ನೀವು ಹೇಳಬೇಡಿ.”

ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಇನ್‌ಸ್ಪೆಕ್ಟರ್ ಯೋಚಿಸಲಿಲ್ಲ. ಆಗಲಿ ಎಂದಳು.

ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಮನೆಯಲ್ಲಿದ್ದರು. ಪಂಚರು ಜಗುಲಿಯಲ್ಲಿ ಕೂತರು. ತಂಗಿ ಅಣ್ಣನ ಎದುರಿಗೆ ಮಣೆ ಎಳೆದುಕೊಂಡು ಕೂತಳು. ಈ ಹೊತ್ತಿಗೆ ಯಾಕೆ ಬಂದೆ, ಮೈ ಸರಿಯಿಲ್ಲವೇ ಎಂದು ಅವರು ಅವಳ ಹಣೆ ಮುಟ್ಟಲು ಕೈ ಚಾಚಿದರು. ಅವಳು ಆ ಕೈಯನ್ನು ಹಿಡಿದುಕೊಂಡಳು.

“ಅಣ್ಣಾ, ಡಬ್ಬಿಯಲ್ಲಿರೋದು ನಿನ್ನ ನಾಣ್ಯಗಳಲ್ಲ. ನಾನು ಮಾಡಿದ್ದು.”

ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು. ಗಡಿಯಾರ ಮೆಲ್ಲಗೆ ಹೋಗಿ ಅದನ್ನು ಆರಿಸಿದ.

“ಎಲ್ಲಾನೂ?”

“ಇಪ್ಪತ್ತೆರಡೂ.”

“ಮೂರು ತೆನೆ?”

“ಅದೂ.”

“ಯಾವಾಗ?”

“ನಿನ್ನ ಕಾಲು,” ಎಂದಳು ಅವಳು.

ಅವರಿಗೆ ಅಷ್ಟೇ ಸಾಕಾಯಿತು. ಬಹಳ ಹೊತ್ತು ಬಲಗಾಲನ್ನು ನೆಲಕ್ಕೆ ಮೆಲ್ಲಗೆ ಒತ್ತುತ್ತ, ಎತ್ತುತ್ತ ಕೂತಿದ್ದರು. ಆಮೇಲೆ ಕೇಳಿದರು, “ಎಷ್ಟಕ್ಕೆ ಕೊಟ್ಟೆ?”

“ಎಲ್ಲಾ ಸೇರಿ ನಲವತ್ತೈದು ಸಾವಿರ.”

ಅಲ್ಲಿಯವರೆಗೆ ಅಲುಗದಿದ್ದ ಮುಖ ಆಗ ಕಳೆಗುಂದಿತು. “ಮೂರು ತೆನೆ ಒಂದಕ್ಕೇ ಅಷ್ಟು ಬರ್ತಿತ್ತಲ್ಲೇ. ನನ್ನನ್ನ ಕೇಳಬಾರದಿತ್ತಾ? ಬ್ಯಾಂಡೇಜು ಕಾಲಿಗಿತ್ತು, ಬಾಯಿಗಿರಲಿಲ್ಲ.”

“ಕೇಳಿದ್ರೆ ಕಾಲೇ ಹೋಗಲಿ ಅಂತಿದ್ದೆ ನೀನು.”

“ಅಂತಿದ್ದೆ,” ಎಂದು ಒಪ್ಪಿಕೊಂಡರು. ಅವಳ ಅಂಗೈಯನ್ನು ತಿರುಗಿಸಿ, ಸ್ಪರ್ಶವಿಲ್ಲದ ತಮ್ಮ ಬೆರಳುಗಳಿಂದ ಅವಳ ಬೆರಳ ತುದಿಗಳನ್ನು ಒಂದೊಂದಾಗಿ ಸವರಿದರು. ಮೂರು ತೆನೆಯಲ್ಲಿ ಎಡಗಡೆ ತೆನೆಗೆ ಒಂದು ಕಾಳು ಕಡಿಮೆ ಇತ್ತಲ್ಲ, ಅದನ್ನೂ ಹಾಗೇ ಮಾಡಿದ್ದೀಯಾ ಎಂದು ಕೇಳಿದರು. ಮಾಡಿದ್ದೇನೆ ಎಂದಳು. ಅವರು ತಲೆಯಾಡಿಸಿದರು. ಆಮೇಲೆ ಇನ್‌ಸ್ಪೆಕ್ಟರ್ ಇದ್ದ ಕಡೆಗೆ ಮುಖ ತಿರುಗಿಸಿದರು.

“ದೂರು ಕೊಟ್ಟಿದ್ದು ದರ್ಜಿನಾ?”

“ಹೌದು ಸರ್. ನಿಮ್ಮ ಹೆಸರು ಬರೀಬೇಡಿ ಅಂತ ಕೇಳಿಕೊಂಡ.”

“ದೂರು ಕೊಟ್ಟಿದ್ದು ಸರಿ. ನನ್ನ ಮಾತು ನಂಬಿ ದುಡ್ಡು ಕೊಟ್ಟವನು ಅವನು.” ಆಮೇಲೆ ತಂಗಿಗೆ ಹೇಳಿದರು, “ನೀನು ನನಗೋಸ್ಕರ ಮಾಡಿದೆ ಕಣೇ, ಅದು ನನಗೆ ತಿಳೀತು. ಆದ್ರೆ ಅವನ ವಿಷಯದಲ್ಲಿ ತಪ್ಪಾಯ್ತು. ನೀನು ನನ್ನ ತಂಗಿ ಅಂತ ನಾನು ಅದನ್ನ ಇಲ್ಲ ಅನ್ನೋಕಾಗಲ್ಲ.”

“ಬೇಡ ಅಣ್ಣ. ಅನ್ನಬೇಡ.”

“ಮೇಡಂ, ನಿಮ್ಮ ಕೆಲಸ ನೀವು ಮಾಡಿ. ನಾನೂ ಜೊತೆಗೆ ಬರ್ತೀನಿ. ಇವಳು ಒಬ್ಬಳೇ ಎಲ್ಲಿಗೂ ಹೋಗಿ ಅಭ್ಯಾಸ ಇಲ್ಲ.”

ಒಂದೂ ನಲವತ್ತಕ್ಕೆ ಬಂಧನವಾಯಿತು. ಬಂಧನದ ವಿಷಯವನ್ನು ಯಾರಿಗೆ ತಿಳಿಸಲಾಗಿದೆ ಎಂಬಲ್ಲಿ ‘ಅಣ್ಣ’ ಎಂದು ಬರೆದು, ಇನ್‌ಸ್ಪೆಕ್ಟರ್ ಅವರ ಕೈ ಹಿಡಿದು ಸಹಿ ಮಾಡುವ ಜಾಗ ತೋರಿಸಿದಳು. ಡಬ್ಬಿ ಜಪ್ತಿಯಾಯಿತು. ತಂಗಿ ಹೊರಡುವ ಮೊದಲು ಅಣ್ಣನ ಮಾತ್ರೆಗಳನ್ನು ಹೊತ್ತಿನ ಪ್ರಕಾರ ಪೊಟ್ಟಣ ಕಟ್ಟಿ ಅವರ ಜೇಬಿಗೆ ಹಾಕಿದಳು. ಗಡಿಯಾರ ಬೀದಿಯ ತುದಿಯವರೆಗೂ ಅವರ ತೋಳು ಹಿಡಿದು ನಡೆಸಿಕೊಂಡು ಬಂದು, ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದ.

ಸಂಜೆ ಸುದ್ದಿ ತಿಳಿದ ದರ್ಜಿ ಠಾಣೆಗೆ ಓಡಿಬಂದ, ಈ ಸಲ ಬೆಂಚಿನ ಮೇಲೆ ಕೂರಲಿಲ್ಲ. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದ. ಇನ್ನು ಅದು ನ್ಯಾಯಾಲಯಕ್ಕೆ ಬಿಟ್ಟದ್ದು, ಅಲ್ಲಿ ಹೇಳಿಕೊಳ್ಳಿ ಎಂದಳು ಇನ್‌ಸ್ಪೆಕ್ಟರ್. ಹಾಗಾದರೆ ನಾನೇನು ಮಾಡಲಿ ಎಂದು ನಿಂತುಕೊಂಡ. ನಾಳೆ ಜಾಮೀನಿಗೆ ಯಾರಾದರೂ ಬೇಕಾಗುತ್ತದೆ ಎಂದು ಗಡಿಯಾರ ಯಾರಿಗೂ ಹೇಳದವನಂತೆ ಗೋಡೆಗೆ ಹೇಳಿದ. ಶುಕ್ರವಾರ ಹನ್ನೊಂದಕ್ಕೆ ದರ್ಜಿ ಅಂಗಡಿಯ ಕಾಗದಪತ್ರ ಹಿಡಿದು ನ್ಯಾಯಾಲಯದ ಆವರಣದಲ್ಲಿದ್ದ. ದೂರು ಕೊಟ್ಟವನೇ ಜಾಮೀನಿಗೆ ನಿಂತದ್ದನ್ನು ಕಂಡು ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನೊಮ್ಮೆ ನೋಡಿದರು. ಮೂರೂ ಇಪ್ಪತ್ತಕ್ಕೆ ಅಣ್ಣ ತಂಗಿ ಮನೆಗೆ ಹೋದರು.

ವ್ಯಾಪಾರಿಯ ಮೇಲೆ ಯಾವ ಮೊಕದ್ದಮೆಯೂ ಆಗಲಿಲ್ಲ. ಗೊತ್ತಿಲ್ಲದವರಿಂದ ಕಡಿಮೆಗೆ ಕೊಳ್ಳುವುದನ್ನು ಅಪರಾಧ ಎನ್ನುವ ಕಲಂ ಇನ್‌ಸ್ಪೆಕ್ಟರಿಗೆ ಎಲ್ಲಿಯೂ ಸಿಗಲಿಲ್ಲ. ಎರಡು ದಿನ ಪುಸ್ತಕ ತಿರುವಿ ಹಾಕಿ ಸುಮ್ಮನಾದಳು.

ಮುಂದಿನ ತಿಂಗಳ ಎಂಟನೆಯ ತಾರೀಖು ದೋಷಾರೋಪಣ ಪಟ್ಟಿ ಸಿದ್ಧವಾಯಿತು. ಗಡಿಯಾರ ಕರಡು ತಂದು ಮೇಜಿನ ಮೇಲಿಟ್ಟ. ಅಪರಾಧದ ಉದ್ದೇಶ ಎಂಬಲ್ಲಿ, ಇಂಥ ಪ್ರಕರಣಗಳಲ್ಲಿ ಎಂದಿನಿಂದಲೂ ಬರೆಯುತ್ತ ಬಂದ ಹಾಗೆ, ‘ಹಣದ ಆಸೆಯಿಂದ’ ಎಂದಿತ್ತು. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ಒಂದು ಸಾಲು ಬರೆದು ಅವನ ಕಡೆಗೆ ತಳ್ಳಿದಳು.

ಗಡಿಯಾರ ಎರಡು ಸಲ ಓದಿದ. “ಇದು ಕಾನೂನಿನ ಭಾಷೆಯಲ್ಲಿ ನಡೆಯುತ್ತಾ ಮೇಡಂ?”

“ನಡೆಯದಿದ್ರೆ ಕೋರ್ಟಿನವರು ಕೇಳಲಿ. ಟೈಪ್ ಮಾಡಿ.”

ಅವನು ಹೋಗಿ ಯಂತ್ರದ ಮುಂದೆ ಕೂತು, ಒಂದೊಂದೇ ಅಕ್ಷರ ಒತ್ತುತ್ತ ಟೈಪ್ ಮಾಡಿದ: ‘ಅಣ್ಣನ ಕಾಲು ಉಳಿಯಬೇಕು, ಅದಕ್ಕೆ ಅವನು ಕೊಟ್ಟ ಬೆಲೆ ಅವನಿಗೆ ತಿಳಿಯಬಾರದು ಎಂಬ ಕಾರಣದಿಂದ.’